ಚಕ್ರದ ತುಕ್ಕು, ಅವ್ವನ ಎಣ್ಣೆ

ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ನಾನು ಈಗ ಮುಂದಿನ ಸೀಟುಗಳಲ್ಲಿ ಕೂರುವುದಿಲ್ಲ. ಕೂತರೆ, ಡ್ರೈವರ್ ಬ್ರೇಕ್ ಒತ್ತುವುದಕ್ಕೆ ಮೊದಲೇ ನನ್ನ ಬಲಗಾಲು ನೆಲವನ್ನು ಒತ್ತಿರುತ್ತದೆ. ಪಕ್ಕದಲ್ಲಿದ್ದವರು ನೋಡುತ್ತಾರೆ. ಹಾರನಹಳ್ಳಿ ದಾಟಿದ ಮೇಲೆ ಒಂದು ಸಣ್ಣ ಇಳಿಜಾರು, ಅದರ ಕೊನೆಗೆ ಒಂದು ಮೋರಿ. ಬಸ್ಸು ಅಲ್ಲಿ ನಿಲ್ಲುವುದಿಲ್ಲ, ವೇಗ ತಗ್ಗಿಸುವುದೂ ಇಲ್ಲ. ಉಳಿದವರಿಗೆ ಅದು ರಸ್ತೆಯ ಒಂದು ತುಂಡು. ನನಗೆ ಮಾತ್ರ ಅಲ್ಲಿ ಪ್ರತಿ ಸಲವೂ ಒಬ್ಬ ಮನುಷ್ಯ ಹುಲ್ಲಿನ ಹೊರೆ ಹೇರಿದ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಾನೆ, ಪ್ರತಿ ಸಲವೂ ನಡುವೆ ನಿಂತು ನಮ್ಮ ಕಡೆ ತಿರುಗಿ ನೋಡುತ್ತಾನೆ.

ಅವ್ವ ಇರುವತನಕ ಇದನ್ನು ಬರೆಯುವ ಹಾಗಿರಲಿಲ್ಲ. ಆ ಮನುಷ್ಯ ಯಾಕೆ ಸತ್ತ ಎಂಬುದು ಅವಳಿಗೆ ಗೊತ್ತಾಗದ ಹಾಗೆ ಅಣ್ಣ ನೋಡಿಕೊಂಡ. ಅದಕ್ಕಾಗಿ ಅವನು ಏನನ್ನು ಬಿಟ್ಟುಕೊಟ್ಟ ಎಂಬುದನ್ನು ನೋಡಿದವಳು ನಾನೊಬ್ಬಳೇ. ಅವ್ವ ಹೋಗಿ ವರ್ಷವಾಯಿತು. ಬರೆಯಲಾ ಎಂದು ಅಣ್ಣನನ್ನು ಕೇಳಿದಾಗ, "ಯಾರ ಹೆಸರೂ ಹಾಕ್ಬೇಡ ಕಣೇ" ಎಂದ.

ನಮ್ಮದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಅಪ್ಪ ಮಾಡುತ್ತಿದ್ದುದನ್ನು ಅಪ್ಪನ ನಂತರ ಅಣ್ಣ ಮುಂದುವರಿಸಿದ. ಹಿತ್ತಲ ಕಡೆಯ ಅಟ್ಟದ ತುಂಬ ತೆಂಗಿನಕಾಯಿ. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಉರುಳುವ ಸದ್ದು ಕೇಳುವವರೆಗೆ ಅವನ್ನು ಹಾಗೇ ಬಿಟ್ಟಿರಬೇಕು. ಆ ಕೆಲಸಕ್ಕೆ ಬೇಕಾದ ಕಬ್ಬಿಣವೆಲ್ಲ ಅವ್ವನ ಸುಪರ್ದಿಯಲ್ಲಿತ್ತು: ಕಾಯಿ ಸುಲಿಯುವ ಹಾರೆ, ಮಚ್ಚುಗಳು, ಮೂಟೆ ಎಳೆಯುವ ಕೊಕ್ಕೆ, ಈಗ ಯಾರೂ ಬಳಸದ ಅಪ್ಪನ ಕಾಲದ ದೊಡ್ಡ ತಕ್ಕಡಿ. ಅವ್ವನಿಗೆ ತುಕ್ಕು ಕಂಡರೆ ಆಗುತ್ತಿರಲಿಲ್ಲ. "ಕೆಲ್ಸಕ್ಕೆ ಮಾತ್ರ ಕರೀತೀವಿ, ಮೈ ಒರಸಾಕ್ ಆಗಾಕಿಲ್ವಾ?" ಎಂದು ಆಳುಗಳನ್ನು ಬಯ್ಯುತ್ತಿದ್ದಳು. ಬೇರೆ ಮನೆಗಳಲ್ಲಿ ಹೆಂಗಸರು ಬೆಳ್ಳಿ ಸಾಮಾನು ತೊಳೆಯುವ ಹಾಗೆ ಅವಳು ಮಚ್ಚು ತೊಳೆಯುತ್ತಿದ್ದಳು.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಎರಡು ಕಟ್ಟುಪಾಡು. ತುಕ್ಕು ಇರುವ ಕಬ್ಬಿಣವನ್ನು ಪೂಜೆಗೆ ಇಡುವಂತಿಲ್ಲ. ಪೂಜೆ ಆದ ಮೇಲೆ ಮರುದಿನ ಬೆಳಗಾಗುವವರೆಗೆ ಯಾವ ಕಬ್ಬಿಣವನ್ನೂ ಮುಟ್ಟುವಂತಿಲ್ಲ. ಅದು ಅವಕ್ಕೆ ಬಿಡುವಿನ ಹೊತ್ತು. ರಾತ್ರಿಯ ಅಡುಗೆಗೆ ತರಕಾರಿಯನ್ನು ಕೂಡ ಪೂಜೆಗೆ ಮುಂಚೆಯೇ ಹೆಚ್ಚಿಟ್ಟುಕೊಳ್ಳುತ್ತಿದ್ದೆವು. ಪೂಜೆಗೆ ಮುಂಚೆ ಅವ್ವ ಒಂದೊಂದನ್ನೂ ಬೂದಿ, ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಬಿಸಿಲಿಗಿಟ್ಟು, ನಮ್ಮದೇ ಕೊಬ್ಬರಿಯ ಎಣ್ಣೆಯನ್ನು ಬೆಚ್ಚಗೆ ಮಾಡಿ ಬಟ್ಟೆಯ ಉಂಡೆಯಲ್ಲಿ ಅದ್ದಿ ಸವರುತ್ತಿದ್ದಳು. ಆಮೇಲೆ ವಿಭೂತಿಯ ಮೂರು ಗೆರೆ. ಎಳೆಮಗುವಿಗೆ ಎಣ್ಣೆ ಹಚ್ಚುವಾಗಿನ ಮುಖವೇ ಆಗ ಅವಳಿಗೆ ಬರುತ್ತಿತ್ತು.

ಅಣ್ಣ ಕಾರು ತಂದ ಮೇಲೆ ಕಾರೂ ಆಯುಧಗಳ ಸಾಲಿಗೆ ಸೇರಿತು. ಬಿಳಿ ಬಣ್ಣದ ಸಾಧಾರಣ ಕಾರು. ಚಕ್ರಗಳು ಮಾತ್ರ ಸೊಗಸಾಗಿದ್ದವು. ಅಗಲವಾದ ಸಂದುಗಳ ಚಕ್ರ, ಮುಂದಿನ ಎರಡರಲ್ಲಿ ಸಂದಿನ ಹಿಂದೆ ಬ್ರೇಕಿನ ಉಕ್ಕಿನ ಬಿಲ್ಲೆ ಪಳಪಳ ಹೊಳೆಯುತ್ತಿತ್ತು.

ಆ ವರ್ಷ ಹಬ್ಬಕ್ಕೆಂದು ನಾನು ಬೇಲೂರಿನಿಂದ ಬಂದಿದ್ದೆ. ಅಲ್ಲಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಪೂಜೆಯ ಹಿಂದಿನ ಸಂಜೆ ಅಣ್ಣ ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸಿದ. ರಾತ್ರಿ ಮಳೆ ಬಂತು. ಬೆಳಿಗ್ಗೆ ರಂಗೋಲಿ ಹಾಕಲು ಹೋದ ಅವ್ವ ಅಲ್ಲಿಂದಲೇ ಕೂಗಿದಳು.

"ಲೋ, ಬಾರ್ಲಾ ಇಲ್ಲಿ. ಏನಿದು?"

ಅಣ್ಣ ಹಲ್ಲುಜ್ಜುತ್ತಲೇ ಬಂದ. ಹಿಂದೆ ನಾನೂ ಬಂದೆ. ಉಕ್ಕಿನ ಬಿಲ್ಲೆ ಕಾವಿ ಬಳಿದ ಹಾಗೆ ಕೆಂಪಗಾಗಿತ್ತು.

"ಚಕ್ರದೊಳಗೆ ತುಕ್ಕು. ಕಣ್ ಕಾಣಾಕಿಲ್ವಾ ನಿಂಗೆ? ಹೊಸ ಗಾಡಿ ಅಂತ ನಾನು ಬೀದಿಗೆಲ್ಲ ಹೇಳ್ಕಂಡ್ ಬಂದಿವ್ನಿ."

"ಅಯ್ಯೋ, ಅದು ಬ್ರೇಕಿನ ಬಿಲ್ಲೆ ಕಣವ್ವ. ನೀರು ಬಿದ್ರೆ ಒಂದು ರಾತ್ರೀಲಿ ಹಂಗಾಯ್ತದೆ. ಎಲ್ಲಾರ ಗಾಡೀದೂ ಅಷ್ಟೆಯ. ಮೇಲ್‌ಮೇಲಿನ ತುಕ್ಕು. ನಾಕು ಸಲ ಬ್ರೇಕ್ ಒತ್ತಿದ್ರೆ ತಾನೇ ಉಜ್ಕಂಡು ಹೊಳೀತದೆ."

"ಹಂಗಾರೆ ಈಗ್ಲೇ ಒತ್ತು."

"ನಿಂತಲ್ಲೇ ಒತ್ತಿದ್ರೆ ಹೋಗಲ್ಲ. ಓಡಿಸ್ಬೇಕು."

"ತೊಳ್ದು ನಿಲ್ಸಿರೋ ಗಾಡೀಗೆ ಬೀದಿ ಕೆಸರು ಮೆತ್ಕಂಡ್ ಬತ್ತೀಯಾ? ಬ್ಯಾಡ."

"ಹಂಗಾದ್ರೆ ನಾಳೆ ಹೋಯ್ತದೆ ಬಿಡು."

"ನಾಳೆ ಹೋದ್ರೆಷ್ಟು, ಬಿಟ್ರೆಷ್ಟು. ಇವತ್ತು ದೇವರ ಮುಂದೆ ಕೊಳಕು ಮೈಯಾಗೆ ನಿಲ್ಲಿಸ್ತೀಯಲ್ಲ ಅದನ್ನ."

"ನನ್ನನ್ನೇ ನಿಲ್ಲಿಸಿದೀಯ ಹಂಗೆ. ಸ್ನಾನಕ್ಕೆ ನೀರೇ ಕಾದಿಲ್ಲ ಇನ್ನೂ" ಎಂದು ಅಣ್ಣ ನಗುತ್ತ ಒಳಗೆ ಹೋದ. ಅವ್ವನೂ ನಕ್ಕಳು.

ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಆಮೇಲೆ ಎಷ್ಟೋ ಕಡೆ ಓದಿ, ಎಷ್ಟೋ ಜನರನ್ನು ಕೇಳಿ ತಿಳಿದುಕೊಂಡಿದ್ದೇನೆ. ನಮ್ಮ ಕಾಲೇಜಿನ ಆವರಣದಲ್ಲಿ ಮಳೆಗಾಲದ ಬೆಳಗುಗಳಲ್ಲಿ ಸಹೋದ್ಯೋಗಿಗಳ ಕಾರುಗಳ ಚಕ್ರವನ್ನು ಬಗ್ಗಿ ನೋಡುತ್ತೇನೆ. ರಾತ್ರಿಯೆಲ್ಲ ನಿಂತ ಕಾರಿನ ಬಿಲ್ಲೆ ಕೆಂಪಾಗಿರುತ್ತದೆ, ಊರು ಸುತ್ತಿ ಬಂದದ್ದು ಬೆಳ್ಳಗಿರುತ್ತದೆ. ಆ ತುಕ್ಕು ನೋಟಕ್ಕೆ ಮಾತ್ರ. ಬ್ರೇಕು ಕಚ್ಚುವ ಕಡೆ ಅದನ್ನು ಒರೆಸಬೇಕಿಲ್ಲ, ಏನನ್ನೂ ಬಳಿಯಬೇಕಿಲ್ಲ. ಮುಟ್ಟದೆ ಬಿಟ್ಟು ಗಾಡಿ ಓಡಿಸುವುದೇ ಅದಕ್ಕೆ ಮದ್ದು. ಆದರೆ ತುಕ್ಕನ್ನು ಮುಟ್ಟದೆ ಬಿಡುವುದು ಅವ್ವನಿಗೆ ಬರುತ್ತಿರಲಿಲ್ಲ. ಜೀವಮಾನವಿಡೀ ಬಾರದ ವಿದ್ಯೆ ಅದು. ಎಣ್ಣೆ ಹಚ್ಚಬೇಡ ಎಂದು ಹೇಳಬೇಕೆಂದು ಅಣ್ಣನಿಗೆ ಹೊಳೆಯಲಿಲ್ಲ, ಯಾಕೆಂದರೆ ಯಾರಾದರೂ ಬ್ರೇಕಿಗೆ ಎಣ್ಣೆ ಹಚ್ಚುತ್ತಾರೆಂಬುದೇ ಅವನ ಕಲ್ಪನೆಯಲ್ಲಿರಲಿಲ್ಲ. ಹಚ್ಚದೆ ಬಿಡುತ್ತಾರೆಂಬುದು ಅವಳ ಕಲ್ಪನೆಯಲ್ಲಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರಿನ ಮುಂದೆ ಬಾಳೆಕಂದು, ಚೆಂಡುಹೂವಿನ ಹಾರ, ಗಾಜಿನ ಮೇಲೆ ವಿಭೂತಿ. ಅಣ್ಣ ಮಂಗಳಾರತಿ ಎತ್ತಿದ. ಚಕ್ರದ ಒಳಗನ್ನು ಯಾರೂ ಬಗ್ಗಿ ನೋಡಲಿಲ್ಲ. ಪೂಜೆಯ ನಂತರ ಪದ್ಧತಿಯಂತೆ ಕಾರು ನಿಂತಲ್ಲೇ ನಿಂತಿತ್ತು. ಯಾರಾದರೂ ಒಂದು ಸಲ ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದಿದ್ದರೆ ಎಂದು ಯೋಚಿಸುತ್ತೇನೆ. ಹಾಗೆ ಯೋಚಿಸಿ ಏನೂ ಸಿಗುವುದಿಲ್ಲ.

ಮರುದಿನ ವಿಜಯದಶಮಿ. ನನ್ನನ್ನು ಬೇಲೂರಿಗೆ ಬಿಡಲು ಅಣ್ಣ ಹೊರಟ. ಬೇಲೂರಿನ ನನ್ನ ಮನೆಯಲ್ಲಿ ಒಂದಷ್ಟು ದಿನ ಇದ್ದು ಬರುತ್ತೇನೆಂದು ಅವ್ವನೂ ಹೊರಟಳು. ಅತ್ತಿಗೆ ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟಳು, ಅವು ಚಟ್ ಎಂದು ಒಡೆದವು. ನಾನು ಮುಂದೆ, ಅಣ್ಣನ ಪಕ್ಕ. ಅವ್ವ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ.

"ಮೆಲ್ಲಗೋಗ್ಲಾ" ಎಂದಳು, ಗೇಟು ದಾಟುವ ಮೊದಲೇ. ಕಾರು ಹತ್ತಿದರೆ ಅವಳ ಮೊದಲ ಮಾತು ಅದು. ಅವಳ ಪಾಲಿಗೆ ಎತ್ತಿನಗಾಡಿಯನ್ನು ಹಿಂದೆ ಹಾಕಿದ್ದೆಲ್ಲ ಜೋರು.

ಹಬ್ಬವಾದ್ದರಿಂದ ಅಂಗಡಿಗಳು ಮುಚ್ಚಿದ್ದವು, ಬೀದಿ ಖಾಲಿ. ಊರಾಚೆಯ ತಿರುವಿನಲ್ಲಿ ಅಣ್ಣ ಬ್ರೇಕ್ ಒತ್ತಿದ. ಕಾರು ನಿಧಾನವಾಯಿತು, ಆದರೆ ಮನಸ್ಸಿಲ್ಲದೆ.

"ನೀರು ಕುಡಿದೈತೆ ಬ್ರೇಕು" ಎಂದ. "ತೊಳೆದಿದ್ದು, ಮಳೆ ಬೇರೆ. ನಾಕು ಸಲ ಒತ್ತಿದ್ರೆ ಸರಿಹೋಯ್ತದೆ."

"ನಿನ್ನೆಯೆಲ್ಲ ರಜ ಹಾಕಿತ್ತಲ್ಲ, ಸೋಮಾರಿ ಆಗಿದೆ" ಎಂದೆ ನಾನು.

"ನಿಮ್ಮ ಕಾಲೇಜಿಗೆ ಸೇರ್ಸನ ಬಿಡು ಇದನ್ನ."

ನಕ್ಕೆವು. ಅವನು ತಿಳಿದವನೇ, ನೀರು ಬಿದ್ದ ಬ್ರೇಕು ಮೊದಮೊದಲು ಮೆತ್ತಗಿರುತ್ತದೆ, ಒತ್ತುತ್ತ ಹೋದರೆ ಒಣಗುತ್ತದೆ. ಹಾಗಾಗಿ ದಾರಿ ಖಾಲಿಯಿದ್ದ ಕಡೆ ಅವನು ಮೆಲ್ಲನೆ ಒತ್ತಿ ಒತ್ತಿ ಬಿಡುತ್ತಿದ್ದ. ಕಾರು ಅಷ್ಟಿಷ್ಟು ಹಿಡಿಯುತ್ತಲೂ ಇತ್ತು. ಹಾರನಹಳ್ಳಿಯ ಉಬ್ಬುಗಳನ್ನು ದಾಟುವಾಗ ಒಂದು ವಾಸನೆ ಬಂತು. ಬಿಸಿ ಎಣ್ಣೆಯ ವಾಸನೆ, ಬಾಣಲೆ ಇಟ್ಟ ಮನೆಯ ಮುಂದೆ ಹಾದುಹೋದ ಹಾಗೆ.

"ಯಾರ ಮನೇಲೋ ಹಪ್ಪಳ ಕರೀತಾವ್ರೆ" ಎಂದಳು ಅವ್ವ.

"ಹಸಿವಾಯ್ತಾ? ಈಗ ತಾನೆ ತಿಂದ್ಯಲ್ಲ."

"ವಾಸ್ನೆ ಬಂತು ಅಂದೆ ಕಣ್ಲಾ. ತಿಂತೀನಿ ಅಂದ್ನಾ?"

ಹಬ್ಬದ ಊರಿನಲ್ಲಿ ಕರಿದ ಎಣ್ಣೆಯ ವಾಸನೆಗೆ ಯಾರು ಬೆಚ್ಚಿಬೀಳುತ್ತಾರೆ? ಊರು ಮುಗಿಯಿತು. ಇಳಿಜಾರು ಬಂತು.

ಮೋರಿಯ ಬಲಬದಿಯಲ್ಲಿ ಅವನು ನಿಂತಿದ್ದ. ವಯಸ್ಸಾದವನು. ಸೈಕಲ್ಲಿನ ಕ್ಯಾರಿಯರ್ ಮೇಲೆ ಅಗಲವಾದ ಹಸಿಹುಲ್ಲಿನ ಹೊರೆ. ನಮ್ಮ ಕಡೆ ನೋಡಿದ. ಅವನು ನೋಡಿದ್ದನ್ನು ನಾನು ಕಂಡೆ. ನಾವಿನ್ನೂ ದೂರವಿದ್ದೆವು, ಜೋರಾಗಿಯೂ ಬರುತ್ತಿರಲಿಲ್ಲ. ದಾಟಬಹುದೆಂದು ಲೆಕ್ಕ ಹಾಕಿ ಸೈಕಲ್ ತಳ್ಳುತ್ತ ಇಳಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ನಿಲ್ಲಬಲ್ಲ ಯಾವ ಕಾರಾದರೂ ಅವನಿಗೆ ದಾರಿ ಬಿಡಲು ಅಷ್ಟು ದೂರ ಸಾಕಿತ್ತು.

ಅಣ್ಣ ಒತ್ತಿದ. ಸೀಟಿನಿಂದ ಮೈ ಮೇಲೇಳುವಷ್ಟು ಬಲವಾಗಿ ಒತ್ತಿದ. ಆ ವಾಸನೆ ಗಪ್ಪನೆ ಕಾರಿನೊಳಗೆ ತುಂಬಿತು. ಕಾರು ಇಳಿಯುತ್ತಲೇ ಇತ್ತು. ಹಾರನ್ ಹೊಡೆದ. ಅದನ್ನು ಕೇಳಿ ಆ ಮನುಷ್ಯ ರಸ್ತೆಯ ನಡುವೆ ನಿಂತುಬಿಟ್ಟ. ನಿಲ್ಲದೆ ನಡೆದುಬಿಟ್ಟಿದ್ದರೆ ದಾಟಿಹೋಗುತ್ತಿದ್ದ. ಬಲಗಡೆ ಎದುರಿನಿಂದ ಒಂದು ಟೆಂಪೊ ಬರುತ್ತಿತ್ತು. ಅಣ್ಣ ಎಡಕ್ಕೆ ಎಳೆದು ಹ್ಯಾಂಡ್‌ಬ್ರೇಕ್ ಎತ್ತಿದ. ಕಾರಿನ ಮೂತಿ ಅವನನ್ನು ತಪ್ಪಿಸಿಕೊಂಡಿತು. ಹಿಂಭಾಗ ಅಡ್ಡ ತಿರುಗಿ ಸೈಕಲ್ಲಿಗೆ ತಾಗಿತು. ಶಬ್ದ ದೊಡ್ಡದೇನಲ್ಲ. ಬಿಂದಿಗೆ ಜಾರಿ ಕಟ್ಟೆಗೆ ತಾಗಿದಷ್ಟು. ಮೋರಿಯ ಕಲ್ಲುಕಟ್ಟೆಗೆ ಅವನ ತಲೆ ಬಡಿದದ್ದನ್ನು ನಾನು ನೋಡಲಿಲ್ಲ. ಆದರೆ ನನಗೆ ಪ್ರತಿ ಸಲವೂ ಕಾಣುವುದು ಅದೇ.

ಕಾರು ಮಣ್ಣಿನ ದಿಬ್ಬಕ್ಕೆ ಒತ್ತಿಕೊಂಡು ನಿಂತಿತು. ಮಿಠಾಯಿಯ ಡಬ್ಬಿ ಉರುಳಿ ನನ್ನ ಕಾಲಿನ ಹತ್ತಿರ ಬಂದಿತ್ತು. ಹಿಂದಿನಿಂದ ಅವ್ವ, "ಏನಾಯ್ತ್ಲಾ? ಏನಾಯ್ತು?" ಎನ್ನುತ್ತಲೇ ಇದ್ದಳು. ಅಣ್ಣ ಆಗಲೇ ಇಳಿದು ಓಡಿದ್ದ.

ಎದುರು ಬಂದ ಟೆಂಪೊದವನೇ ನಿಲ್ಲಿಸಿದ. ಅಣ್ಣ, ಅವನು ಸೇರಿ ಆ ಮನುಷ್ಯನನ್ನು ಎತ್ತಿ ಮಲಗಿಸಿದರು. ಅಣ್ಣ ಹಿಂದೆ ಹತ್ತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆಯ ಆಸ್ಪತ್ರೆಗೆ ಹೋದ. ಅವ್ವನೂ ನಾನೂ ಅಲ್ಲೇ ಉಳಿದೆವು. ಮೋರಿಯ ಪಕ್ಕದ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಒದ್ದೆ ಸೀರೆಯಲ್ಲೇ ಮೇಲೆ ಬಂದಳು. ಅವನು ಅವಳ ಪಕ್ಕದ ಮನೆಯವನಂತೆ. ಅವಳು ಬಾಯಿಗೆ ಕೈ ಹಿಡಿದುಕೊಂಡು ನಿಂತಿದ್ದಳು.

ಅವ್ವ ಅಳಲಿಲ್ಲ. ರಸ್ತೆಯ ತುಂಬ ಚೆಲ್ಲಿದ್ದ ಹುಲ್ಲನ್ನು ಬಗ್ಗಿ ಬಗ್ಗಿ ಆರಿಸತೊಡಗಿದಳು. ಹಿಡಿ ಹಿಡಿಯಾಗಿ ಸೇರಿಸಿ, ಮಣ್ಣು ಕೊಡವಿ, ಅವನ ಹಗ್ಗದಲ್ಲೇ ಹೊರೆ ಕಟ್ಟಿದಳು. "ಅವರ ಮನೇಲಿ ಹಸ ಕಾಯ್ತಿರ್ತದೆ ಕಣವ್ವ, ಇದನ್ನ ಹಾಕ್ಬಿಡು" ಎಂದು ಆ ಹೆಂಗಸಿನ ಕೈಗೆ ಕೊಟ್ಟಳು.

ಅಷ್ಟರಲ್ಲಿ ನಾನು ಕಾರಿನ ಹತ್ತಿರ ಹೋಗಿದ್ದೆ. ಯಾಕೆ ಹೋದೆನೋ. ಮುಂದಿನ ಚಕ್ರದ ಸಂದಿನಿಂದ ಊದಿನಕಡ್ಡಿಯ ಹೊಗೆಯಷ್ಟು ತೆಳ್ಳಗೆ ಹೊಗೆ ಏಳುತ್ತಿತ್ತು. ಕೂತು ನೋಡಿದೆ. ಉಕ್ಕಿನ ಬಿಲ್ಲೆಯ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಕಾದ ಕಾವಲಿಯ ಮೇಲಿನ ಹಾಗೆ ಎಣ್ಣೆಯ ಮಿರುಗು. ಚಕ್ರದ ಒಳಗೋಡೆಗೆ ಹನಿಗಳು ಸಿಡಿದು ಅಂಟಿಕೊಂಡಿದ್ದವು. ಒಂದನ್ನು ಬೆರಳಿಗೆ ತೆಗೆದುಕೊಂಡೆ. ಹುಟ್ಟಿದಂದಿನಿಂದ ನನ್ನ ತಲೆಗೆ ಹಚ್ಚಿದ ಎಣ್ಣೆ ಅದು. ವಾಸನೆ ಗುರುತಿಸಲು ಮೂಗಿನ ಹತ್ತಿರ ತರುವುದೂ ಬೇಕಿರಲಿಲ್ಲ.

ತಲೆಯೆತ್ತಿ ನೋಡಿದೆ. ಅವ್ವ ರಸ್ತೆಯಲ್ಲಿ ಉಳಿದಿದ್ದ ಹುಲ್ಲಿನ ಎಳೆಗಳನ್ನು ಆರಿಸುತ್ತಿದ್ದಳು.

ಅವ್ವನನ್ನು ಮನೆಯಲ್ಲಿ ಬಿಟ್ಟು ಆಸ್ಪತ್ರೆಗೆ ನಾನು ತಲುಪುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಅಣ್ಣ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಂಚೆಯ ಮೇಲೆ ರಕ್ತ ಸ್ವಲ್ಪವೇ ಇತ್ತು, ಹುಲ್ಲಿನ ಚೂರುಗಳೇ ಹೆಚ್ಚು. ಪಕ್ಕದಲ್ಲಿ ಕೂತೆ. ಹೇಗೆ ಹೇಳುವುದೆಂದು ತಿಳಿಯದೆ ಬೆರಳನ್ನು ಅವನ ಮುಂದೆ ಹಿಡಿದೆ.

"ಗೊತ್ತು" ಎಂದ. "ಕೊನೇ ಸಲ ಒತ್ತಿದಾಗ ವಾಸ್ನೆ ಬಂತಲ್ಲ. ಆಗ ಗೊತ್ತಾಯ್ತು."

"ಅವ್ವನಾ?"

"ಇನ್ಯಾರು ಮಾಡ್ತಾರೆ ಅಂಥ ಕೆಲ್ಸ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪಂಚೆಯ ಮೇಲಿನ ಹುಲ್ಲಿನ ಚೂರು ಕೊಡವುತ್ತ ಹೇಳಿದ, "ಅವಳಿಗೆ ಗೊತ್ತಾದ್ರೆ ಉಳಿಯಲ್ಲ ಕಣೇ. ಒಂದು ಇರುವೆ ಸಾಲು ತುಳಿದ್ರೆ ಎರಡು ದಿನ ಕೊರಗ್ತಾಳೆ. ನಾನು ಜೋರಾಗಿ ಬಂದೆ. ಅಷ್ಟೆ. ಠಾಣೇಲೂ ಅದೇ, ಮನೇಲೂ ಅದೇ. ನೀನೂ ಅದೇ ಹೇಳು."

"ನಿನ್ನ ಮೇಲೆ ಕೇಸಾಗ್ತದೆ ಅಣ್ಣ."

"ಓಡಿಸಿದ್ದು ನಾನೇ ತಾನೆ?"

ಆ ಸಂಜೆ ಮನೆಯಲ್ಲಿ, ಉಳಿದಿದ್ದ ಅನುಮಾನವನ್ನೂ ಅವ್ವನೇ ತೀರಿಸಿದಳು. ಕಂಬಕ್ಕೆ ಒರಗಿ ಕೂತು ಅತ್ತಿಗೆಯ ಮುಂದೆ ಗೋಳಾಡುತ್ತಿದ್ದಳು. "ಮಳೆ ನೀರು ಕುಡ್ದು ಕೆಂಪಗಾಗಿತ್ತು ಕಣವ್ವ ಚಕ್ರ. ಅವನು ಸ್ನಾನಕ್ ಹೋದ. ನಾನು ಕಡ್ಡಿಗೆ ಬಟ್ಟೆ ಸುತ್ತಿ, ಸಂದೀಲಿ ಕೈ ತೂರ್ಸಿ, ಎಲ್ಡೂ ಚಕ್ರದ ತುಕ್ಕೆಲ್ಲ ಒರ್ಸಿ ಎಣ್ಣೆ ಹಚ್ಚಿದ್ದೆ. ಕನ್ನಡಿ ಆಗಿತ್ತು ಕನ್ನಡಿ. ಅಂಗೆ ಅಣಿ ಮಾಡಿಕೊಟ್ಟ ಗಾಡೀನ ಇವನು ಇಂಗ್ ಓಡಿಸ್ಕಂಡೋಗಿ ಒಂದು ಜೀವ ತಗದ್ನಲ್ಲ."

ಅಣ್ಣ ಅಲ್ಲೇ ಬಾಗಿಲ ಹತ್ತಿರ ಇದ್ದ. "ತಪ್ಪಾಯ್ತವ್ವ" ಎಂದ. "ಜೋರಾಗಿ ಬಂದ್ಬಿಟ್ಟೆ."

ಠಾಣೆಯಲ್ಲಿ ಅವನು ಹಾಗೆಯೇ ಹೇಳಿಕೆ ಕೊಟ್ಟ. ಕಾರನ್ನೂ ಠಾಣೆಗೆ ಒಯ್ದಿದ್ದರು. ಕೆಲವು ದಿನದ ಮೇಲೆ ತಪಾಸಣೆಗೆ ಬಂದ ಅಧಿಕಾರಿಗಳು ಓಡಿಸಿ ನೋಡಿದಾಗ ಬ್ರೇಕು ಸುಮಾರಾಗಿ ಹಿಡಿಯುತ್ತಿತ್ತು. ಎಣ್ಣೆಯೆಲ್ಲ ಉರಿದುಹೋಗಿತ್ತೋ, ಯಾರೂ ಹುಡುಕಲಿಲ್ಲವೋ. ಬ್ರೇಕಿನ ತೊಂದರೆ ಇತ್ತೆಂದು ಹೇಳಿದರೆ ನಿಮಗೆ ಅನುಕೂಲ ಎಂದು ವಕೀಲರು ಒತ್ತಿ ಹೇಳಿದರು. ಅಣ್ಣ ಬೇಡವೆಂದ. ಕೋರ್ಟಿನಲ್ಲಿ ಏನಾಯಿತು, ಅವನು ಏನೇನು ಅನುಭವಿಸಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಅದು ಅಷ್ಟು ಭಾರವಾಗಲೂ ಇಲ್ಲ. ಭಾರವಾದದ್ದು ಮನೆ.

ಅವ್ವ ಅಣ್ಣನ ಜೊತೆ ಮಾತು ಬಿಟ್ಟಳು. ಜಗಳವಾಡಿ ಬಿಟ್ಟದ್ದಲ್ಲ, ಸುಮ್ಮನೆ ಬಿಟ್ಟಳು. ಅವನು ಊಟಕ್ಕೆ ಕೂತರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಹೇಳುವುದೇನಾದರೂ ಇದ್ದರೆ ಅತ್ತಿಗೆಗೆ, "ನಿನ್ನ ಗಂಡಂಗೆ ಹೇಳು." ಮೊದಲೆಲ್ಲ ಅವನು ಮಂಡಿಯಿಂದ ಬರುವುದು ತಡವಾದರೆ ಬಾಗಿಲಲ್ಲೇ ಕೂತಿರುತ್ತಿದ್ದವಳು. ಒಂದು ಶನಿವಾರ ಊರಿಗೆ ಹೋದಾಗ ನಾನು ತಾಳಲಾರದೆ, "ಎಷ್ಟು ದಿನ ಅವ್ವ ಇದು? ಅವನೇನು ಬೇಕೂಂತ ಮಾಡಿದ್ನಾ?" ಎಂದೆ.

"ಮೆಲ್ಲಗೋಗು ಅಂದೆ. ಎಷ್ಟ್ ಸಲ ಅಂದೆ ನಾನು? ನೀನೂ ಕೇಳುಸ್ಕಂಡಿಲ್ವಾ?" ಎಂದಳು. "ಕೇಳ್ಲಿಲ್ಲ. ಹೆತ್ತವಳ ಮಾತು ಕಿವಿಗೆ ಹಾಕ್ಕಳ್ದೆ ಒಬ್ಬಳ ತಾಳಿ ಕಿತ್ತ."

ಅಣ್ಣ ಒಳಗಿನ ಕೋಣೆಯಲ್ಲಿದ್ದ. ಕೇಳಿಸಿತೆಂದು ನನಗೆ ಗೊತ್ತು, ಯಾಕೆಂದರೆ ಅವನು ಓದುತ್ತಿದ್ದ ಪೇಪರಿನ ಸದ್ದು ನಿಂತಿತು.

ಬೇಸಿಗೆಯ ಮೊದಲಲ್ಲಿ ಅವ್ವ ಇದ್ದಕ್ಕಿದ್ದಂತೆ ಹಾರನಹಳ್ಳಿಗೆ ಹೋಗಬೇಕೆಂದಳು. ಸತ್ತವನ ಹೆಂಡತಿಯ ಕಾಲು ಹಿಡಿದು ಕೇಳಿಕೊಳ್ಳಬೇಕು, ಮಗನೂ ಬರಬೇಕು. ಅಣ್ಣ ಮಣ್ಣಿನ ದಿನವೇ ಅಲ್ಲಿಗೆ ಹೋಗಿದ್ದ. ಗಂಡಸರು ಅವನನ್ನು ಬೀದಿಯಿಂದಲೇ ಹಿಂದಕ್ಕೆ ಕಳಿಸಿದ್ದರು. ಆದರೂ ಬರುತ್ತೇನೆಂದ. ಅವ್ವ ಕಾರು ಹತ್ತುವುದನ್ನು ಬಿಟ್ಟಿದ್ದಳು. ಮೂವರೂ ಬಸ್ಸಿನಲ್ಲಿ ಹೋದೆವು. ಅವಳು ನನ್ನ ಪಕ್ಕದಲ್ಲಿ ಕೂತಳು, ಅಣ್ಣ ಬಾಗಿಲ ಹತ್ತಿರ ನಿಂತಿದ್ದ.

ಹಂಚಿನ ಮನೆ, ಜಗುಲಿಯ ಪಕ್ಕದಲ್ಲೇ ಕೊಟ್ಟಿಗೆ. ಆ ಅಮ್ಮ ಸಣ್ಣ ಮೈಕಟ್ಟಿನವಳು. ನಾವು ಯಾರೆಂದು ತಿಳಿದ ಮೇಲೂ ಚಾಪೆ ಹಾಸಿದಳು. ಮೋರಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಹೆಂಗಸು ನಮ್ಮನ್ನು ಕಂಡು ಬಂದು ಬಾಗಿಲಿಗೆ ಒರಗಿ ನಿಂತಳು.

ಅವ್ವ ಕೂರಲಿಲ್ಲ. ಸೀದಾ ಹೋಗಿ ಆ ಅಮ್ಮನ ಕಾಲಿಗೆ ಬಗ್ಗಿದಳು. ಅವಳು ಗಾಬರಿಯಾಗಿ ತಡೆದಳು. "ಅಯ್ಯಯ್ಯೋ, ದೊಡ್ಡೋರು ನೀವು, ಬ್ಯಾಡ್ರವ್ವ."

"ನನ್ನ ಮಗ ಜೋರಾಗಿ ಬಂದು ನಿನ್ನ ಮನೆ ಹಾಳು ಮಾಡ್ದ ತಾಯಿ" ಎಂದಳು ಅವ್ವ. "ನಾನು ಹೇಳಿದ್ದೆ ಮೆಲ್ಲಗೋಗು ಅಂತ. ಕೇಳ್ಲಿಲ್ಲ. ಇಗಾ, ನಿನ್ನ ಮುಂದೆ ನಿಲ್ಸಿವ್ನಿ. ಏನಂತೀಯೋ ಅನ್ನು."

ಆ ಅಮ್ಮ ಅಣ್ಣನನ್ನು ನೋಡಿದಳು. ಆಮೇಲೆ, "ತೊಡೆ ಮೇಲೆ ಹಾಕ್ಕಂಡ್ ಹೋಗಿದ್ದು ಇವ್ರೇ ಅಂತಲ್ಲ" ಎಂದಳು. "ಬಿಟ್ಟು ಓಡೋಗೋ ಕಾಲ ಇದು. ಕೂತ್ಕಳಿ ಸಾಮಿ. ಮಜ್ಜಿಗೆ ಕೊಡ್ತೀನಿ, ಬಿಸ್ಲಲ್ಲಿ ಬಂದೀರಿ."

ಅಷ್ಟು ತಿಂಗಳಲ್ಲಿ ಅವನಿಗೆ ಕೂತುಕೋ ಎಂದವಳು ಅವಳೊಬ್ಬಳೇ. ಅವನು ಜಗುಲಿಯ ಅಂಚಿಗೆ ಕೂತ. ಅವಳು ಒಳಗಿನಿಂದ ಮಜ್ಜಿಗೆಯ ಲೋಟ ತಂದಳು. ಆಗ ಬಾಗಿಲಲ್ಲಿದ್ದ ಹೆಂಗಸು ಬಾಯಿಬಿಟ್ಟಳು.

"ಜೋರಾಗೇನ್ ಬರ್ಲಿಲ್ಲ ಕಣಜ್ಜಿ. ನಾನೇ ನೋಡಿವ್ನಲ್ಲ. ಮೆತ್ತಗೇ ಬಂತು. ನಿಲ್ಲಿಲ್ಲ, ಅಷ್ಟೆಯ. ಅದ್ಯಾಕ್ ನಿಲ್ಲಿಲ್ವೋ ಅಂತ ನಾನು ಎಲ್ಲಾರ್ನೂ ಕೇಳಿವ್ನಿ."

ಅವ್ವ ಮೆಲ್ಲನೆ ತಿರುಗಿದಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅಣ್ಣನ ಮುಖ ನೋಡಿ ಮಾತಾಡಿದಳು. "ಮೆತ್ತಗೆ ಬಂದಿದ್ಯಾ? ಮತ್ಯಾಕ್ಲಾ ನಿಲ್ಲಲಿಲ್ಲ?"

ಕೊಟ್ಟಿಗೆಯಲ್ಲಿ ಹಸು ಮೈ ಕೊಡವಿದ ಸದ್ದು. ಆ ಅಮ್ಮನ ಕೈ ಲೋಟದೊಂದಿಗೆ ಮುಂದೆ ಚಾಚಿತ್ತು. ಅಣ್ಣ ಅದನ್ನು ನೋಡುತ್ತಿದ್ದ. ಅವನು ಈಗ ಹೇಳಿಬಿಡುತ್ತಾನೆ ಎಂದುಕೊಂಡೆ. ಹೇಳಿದರೆ ಹೇಳಲಿ ಎಂದೂ ಅನ್ನಿಸಿತು. ಆ ಅಮ್ಮನಿಗೆ ನಿಜ ತಿಳಿಯುವ ಹಕ್ಕಿತ್ತು. ಅವ್ವನ ಮುಖ ನೋಡಿದೆ. ಆ ಮುಖ ನಿಜವಾಗಿಯೂ ಕೇಳುತ್ತಿತ್ತು, ಅರ್ಥವಾಗದೆ ಕೇಳುತ್ತಿತ್ತು. ಇನ್ನೊಂದು ಮಾತು ಹೆಚ್ಚು ಬಿದ್ದರೆ ಅವಳ ಯೋಚನೆ ಚಕ್ರದ ಹತ್ತಿರ ಹೋಗಿ ನಿಲ್ಲುತ್ತಿತ್ತು.

"ಫೋನ್ ನೋಡ್ತಿದ್ದೆ ಅವ್ವ" ಎಂದ ಅಣ್ಣ. "ರಸ್ತೆ ಮೇಲೆ ಕಣ್ಣಿರಲಿಲ್ಲ."

ಆ ಅಮ್ಮನ ಮುಖ ನಿಧಾನವಾಗಿ ಬದಲಾಯಿತು. ಜೋರಾಗಿ ಬಂದದ್ದನ್ನು ಅವಳು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದಳು. ತನ್ನ ಗಂಡನತ್ತ ನೋಡದೇ ಬಂದವನನ್ನು ಹಾಕಿಕೊಳ್ಳಲು ಆಗಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಲೋಟವನ್ನು ಗೂಡಿನಲ್ಲಿಟ್ಟಳು. "ಹೋಗಿ ಬನ್ನಿ" ಎಂದು ಒಳಗೆ ನಡೆದಳು.

ಅವ್ವ ಅಣ್ಣನ ಹತ್ತಿರ ಹೋಗಿ ಎರಡೂ ಮುಷ್ಟಿಯಲ್ಲಿ ಅವನ ಬೆನ್ನಿಗೆ ಗುದ್ದಿದಳು. ಕೂದಲು ಬೆಳ್ಳಗಾಗುತ್ತಿರುವ ಮಗ, ತಲೆ ತಗ್ಗಿಸಿಕೊಂಡು ಹೊಡೆಸಿಕೊಂಡ. ನಾನು ಬಿಡಿಸಿದೆ. ಪಕ್ಕದ ಮನೆಯ ಹೆಂಗಸು, "ಬಿಡಜ್ಜಿ, ಹೊಡದ್ರೆ ಬಂದಾರಾ ಅವ್ರು" ಎಂದಳು.

ಅವ್ವ ಇರುವತನಕ ಅಣ್ಣ ಆ ಮನೆಯ ದಾರಿಯಲ್ಲಿ ಹೋಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಮೊದಲು ಮಾಡಿದ ಕೆಲಸ ಅಲ್ಲಿಗೆ ಹೋಗಿ ನಿಜ ಹೇಳಿದ್ದು. ಒಬ್ಬನೇ ಹೋಗಿ ಬಂದ. ಆ ಅಮ್ಮ ಏನೆಂದಳು ಎಂದು ಕೇಳಿದ್ದಕ್ಕೆ, "ಕೇಳಿಸ್ಕೊಂಡ್ಲು" ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಅವ್ವ ಕೊನೆಯ ದಿನಗಳಲ್ಲಿ ಅವನ ಕೈಯಿಂದ ಗಂಜಿ ಕುಡಿದಳು. ಕ್ಷಮಿಸಿಯೋ, ನಿತ್ರಾಣವಾಗಿಯೋ, ನನಗೆ ಗೊತ್ತಿಲ್ಲ.

ಆ ದಿನ ಹಾರನಹಳ್ಳಿಯಿಂದ ಹಿಂದಿರುಗುವಾಗ ಅಣ್ಣ ನಮ್ಮ ಬಸ್ಸು ಹತ್ತಲಿಲ್ಲ. ನೀವು ಹೋಗಿ, ಮುಂದಿನ ಬಸ್ಸಿಗೆ ಬರ್ತೀನಿ ಎಂದು ಸ್ಟಾಪಿನಲ್ಲೇ ಉಳಿದ. ಅವ್ವ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ನೋಡುತ್ತಿದ್ದಳೆಂದುಕೊಂಡೆ. ತೋಟಗಳು ಮುಗಿದು ಬಯಲು ಬಂದಾಗ ನನ್ನ ಕೈ ಹಿಡಿದಳು.

"ಮಗ" ಎಂದಳು. "ನೀನು ಪಕ್ಕದಾಗೇ ಕೂತಿದ್ದೆ. ಅವನು ನನ್ನತ್ರ ಸುಳ್ಳು ಹೇಳೋನಲ್ಲ, ಆದ್ರೂ ಯಾಕೋ ಮನ್ಸು ಒಪ್ತಾ ಇಲ್ಲ. ಗಾಡಿ ಓಡ್ಸೋವಾಗ ಅವನು ಫೋನ್ ಮುಟ್ಟಿದ್ದು ನಾನು ಯಾವತ್ತೂ ನೋಡಿಲ್ಲ. ನಿಜ ಹೇಳು. ಫೋನ್ ನೋಡ್ತಿದ್ನಾ?"

ಅವಳು ಬೇಡುತ್ತಿದ್ದಳು. ಇಲ್ಲ ಎಂದರೆ ಅವಳಿಗೆ ಮಗ ಮರಳಿ ಸಿಗುತ್ತಿದ್ದ. ಅದಾದ ಮರುಗಳಿಗೆಗೆ, ಹಾಗಾದರೆ ಗಾಡಿ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತಿದ್ದಳು.

"ಹೌದವ್ವ" ಎಂದೆ. "ನೋಡ್ತಿದ್ದ."

ಅವ್ವ ನನ್ನ ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದಳು.